ಅತ್ತೆಗಾಗಿ ಪ್ಯಾಕ್ ಮಾಡಿದ ಮನೆ

ಚಿಕ್ಕಂದಿನಲ್ಲಿ ನನಗೊಂದು ಗಟ್ಟಿ ನಂಬಿಕೆಯಿತ್ತು. ಮನೆ ಮನೆಗೆ ಬರುವ ಟೀಚರು, ನರ್ಸು, ಡಾಕ್ಟರು, ಇವರು ಯಾರಿಗೂ ಸ್ವಂತ ಮನೆಯೇ ಇರುವುದಿಲ್ಲ! ಇದ್ದಿದ್ದರೆ ಹೀಗೆ ಚೀಲ ನೇತುಹಾಕಿಕೊಂಡು ಕಂಡವರ ಬಾಗಿಲು ಯಾಕೆ ತಟ್ಟುತ್ತಿದ್ದರು? ಎರಡನೇ ತರಗತಿಯಲ್ಲಿದ್ದಾಗ ಲೆಕ್ಕದಲ್ಲಿ ನಾನು ತೋರುತ್ತಿದ್ದ ಅಪಾರ ಪ್ರತಿಭೆಯ ಬಗ್ಗೆ ಮಾತಾಡಲು ನಮ್ಮ ಕ್ಲಾಸ್ ಟೀಚರು ಮನೆಗೆ ಬಂದರು. ನನಗೆ ಕರುಳು ಚುರುಕ್ ಎಂದಿತು. ಒಳಗೆ ಓಡಿಹೋಗಿ ನನ್ನ ದಿಂಬು, ಹೊದಿಕೆ ತಂದು ಅವರ ಕಾಲ ಬಳಿ ಇಟ್ಟು, "ಟೀಚರ್, ನೀವು ಇಲ್ಲೇ ಇದ್ದುಬಿಡಿ. ಅಪ್ಪನ ಗೊರಕೆ ಒಂದು ಸಹಿಸ್ಕೊಂಡ್ರೆ ಆಯ್ತು" ಅಂದೆ. ಟೀಚರು ಅರ್ಧ ಲೋಟ ಟೀ ಬಿಟ್ಟು ಎದ್ದರು. ಅಪ್ಪ ಮಾತ್ರ ನನ್ನನ್ನು ಬಹಳ ಹೊತ್ತು ಬಿಡಲಿಲ್ಲ.

ಆ ದಡ್ಡತನವೆಲ್ಲ ಹಲ್ಲು ಬಿದ್ದ ಹಾಗೆ ಉದುರಿಹೋಯಿತು ಎಂದುಕೊಂಡಿದ್ದೆ. ಈಗ ನಾನು ಮದುವೆಯಾದವನು, ಸಂಬಳದವನು. ಒಂದು ಕೊರಿಯರ್ ಕಂಪನಿಯ ಪ್ಯಾಕಿಂಗ್ ವಿಭಾಗದ ಹಿರಿಯ ಸಹಾಯಕ! ಆ ವಿಭಾಗದಲ್ಲಿ ಇರುವುದು ನಾನೊಬ್ಬನೇ ಆದ್ದರಿಂದ ಹಿರಿಯನೂ ನಾನೇ, ಕಿರಿಯನೂ ನಾನೇ. ಆದರೆ ಕೆಲಸದಲ್ಲಿ ನನ್ನನ್ನು ಮೀರಿಸುವವರಿಲ್ಲ. ಗಾಜಿನ ದೀಪ, ಪಿಂಗಾಣಿ ಗೊಂಬೆ, ಒಮ್ಮೆ ಒಬ್ಬರ ಮೀನಿನ ತೊಟ್ಟಿ, ಇವೆಲ್ಲ ನನ್ನ ಕೈಯಿಂದ ಹೊರಟು ಹಡಗು ಹತ್ತಿ ಕಡಲು ದಾಟಿ, ಒಂದು ಗೀರೂ ಇಲ್ಲದೆ ತಲುಪಿವೆ.

ಇಂಥ ನನಗೆ ಸವಾಲು ಬಂದದ್ದು ಅತ್ತೆಯ ಸೊಂಟದಿಂದ.

ನಮ್ಮ ಜತೆಯಲ್ಲೇ ಇರುವ ಅತ್ತೆ ನಿವೃತ್ತ ಡ್ರಿಲ್ ಟೀಚರು. ನಿವೃತ್ತಿಯಾದದ್ದು ಶಾಲೆಯಿಂದ ಮಾತ್ರ, ಡ್ರಿಲ್ಲಿನಿಂದಲ್ಲ. ಪಕ್ಕದ ಮನೆಯ ಮಕ್ಕಳು ಸ್ಕಿಪ್ಪಿಂಗ್ ಆಡುವ ಕ್ರಮ ಸರಿಯಿಲ್ಲವೆಂದು ಹಗ್ಗ ಕಸಿದುಕೊಂಡು, "ನೋಡ್ರೋ, ಹಿಂಗೆ!" ಎಂದು ಹಾರಿ ತೋರಿಸಿದರು. ಏರಿದ್ದು ಸೊಗಸಾಗಿಯೇ ಏರಿದರಂತೆ. ಇಳಿದದ್ದು ಮಾತ್ರ ಆಸ್ಪತ್ರೆಗೆ! ಸೊಂಟದ ಮೂಳೆಗೆ ಆಪರೇಷನ್ ಆಯಿತು, ವಾಕರ್ ಬಂತು. ವಾರ್ಡಿನಲ್ಲಿ ಮೂರು ವಾರ ಕಳೆಯುವಷ್ಟರಲ್ಲಿ ಅತ್ತೆ ಹೈರಾಣಾದರು. ಅತ್ತೆಯಿಂದ ವಾರ್ಡೂ ಹೈರಾಣಾಯಿತು.

"ಬೆಳಕು ಹರಿಯೋ ಮುಂಚೆ ಎಬ್ಬಿಸಿ, 'ಚೆನ್ನಾಗಿ ನಿದ್ದೆ ಬಂತಾ' ಅಂತ ಕೇಳ್ತಾರೆ ಕಣೇ! ನನ್ನನ್ನ ಮನೆಗೆ ಕರ್ಕೊಂಡು ಹೋಗು" ಎಂದು ಮಗಳ ಕೈ ಹಿಡಿದುಕೊಂಡರಂತೆ. ಶಾಲೆಯನ್ನೆಲ್ಲ ಒಂದು ಸೀಟಿಯಲ್ಲಿ ನಿಲ್ಲಿಸಿದ ಹೆಂಗಸು ಹಾಗೆ ಕೈ ಹಿಡಿದದ್ದನ್ನು ಹೇಳುತ್ತಾ ನನ್ನ ಹೆಂಡತಿ ಕಣ್ಣೊರೆಸಿಕೊಂಡಳು.

ಆದರೆ ಆಸ್ಪತ್ರೆಯವರು ಸುಮ್ಮನೆ ಕಳಿಸುವುದಿಲ್ಲ. ಮೊದಲು ಅವರ ಥೆರಪಿಸ್ಟ್ ಒಬ್ಬರು ಮನೆಗೆ ಬಂದು ನೋಡಬೇಕು. ಸರಿಯಿದ್ದರೆ ಅತ್ತೆ ಮನೆಗೆ. ಇಲ್ಲದಿದ್ದರೆ ಊರಾಚೆಯ ಆರೈಕೆ ಕೇಂದ್ರಕ್ಕೆ, ಎರಡು ತಿಂಗಳು! ಅಲ್ಲಿ ಮಗಳನ್ನೂ ಭಾನುವಾರ ಬಿಟ್ಟರೆ ಒಳಗೆ ಬಿಡುವುದಿಲ್ಲ.

"ಥೆರಪಿಸ್ಟ್ ಮೇಡಂ ಫೋನಲ್ಲಿ ಹೇಳಿದ್ರು. ಕುರ್ಚಿ ತೀರಾ ತಗ್ಗಿರಬಾರದಂತೆ, ನೆಲದ ಮೇಲೆ ಜಾರೋ ಚಾಪೆ ಇರಬಾರದಂತೆ, ಬಚ್ಚಲಲ್ಲಿ ಹಿಡ್ಕೊಳ್ಳೋಕೆ ಏನಾದ್ರೂ ಇರಬೇಕಂತೆ. ಅಷ್ಟೇ" ಅಂದಳು ಹೆಂಡತಿ.

"ಅಷ್ಟೇನಾ?" ನಾನು ಎದೆಯುಬ್ಬಿಸಿದೆ. "ಮೀನಿನ ತೊಟ್ಟಿಯನ್ನ ಕಡಲು ದಾಟಿಸಿದವನು ನಾನು. ನಿಮ್ಮಮ್ಮನ್ನ ಹಾಲಿನಿಂದ ಬಚ್ಚಲಿಗೆ ದಾಟಿಸೋದು ಕಷ್ಟವಾ? ಹದಿನೈದು ದಿನ ರಜೆ ಹಾಕ್ತೀನಿ. ಹಗಲು ನೀನು ಕೆಲಸಕ್ಕೆ ಹೋಗು, ಅತ್ತೆ ನನ್ನ ಜವಾಬ್ದಾರಿ!"

"ರೀ, ದಯವಿಟ್ಟು ಅಷ್ಟೇ ಮಾಡಿ."

"ಅಷ್ಟೇ ಅಂದ್ರೆ?"

"ಅವರು ಹೇಳಿದಷ್ಟೇ."

ಹೆಂಡತಿಯ ಎಚ್ಚರಿಕೆಯನ್ನು ಪ್ರೋತ್ಸಾಹವೆಂದು ತಿಳಿಯುವ ಕಾಯಿಲೆ ನನಗೆ ಮದುವೆಯಾದಾಗಿನಿಂದಲೂ ಇದೆ.

ಭೇಟಿಯ ಹಿಂದಿನ ದಿನ ಅವಳು ತನ್ನ ಕನ್ನಡಕದ ಅಂಗಡಿಯ ಕೆಲಸಕ್ಕೆ ಹೊರಟಿದ್ದೇ ತಡ, ನಾನು ಆಫೀಸಿನಿಂದ ಕೇಳಿ ತಂದಿದ್ದ ಉಳಿಕೆ ಸಾಮಾನು ಬಿಚ್ಚಿದೆ. ಫೋಮ್ ಹಾಳೆಗಳು, ರಟ್ಟು, ಅಂಗೈ ಅಗಲದ ಟೇಪು, ಒತ್ತಿದರೆ ಪಟ್ಟೆನ್ನುವ ಗುಳ್ಳೆ ಪ್ಲಾಸ್ಟಿಕ್ಕಿನ ದೊಡ್ಡ ದೊಡ್ಡ ಸುರುಳಿ! ಮೇಜಿನ ಮೂಲೆಗಳಿಗೆ ಫೋಮ್ ಟೊಪ್ಪಿಗೆ ಹಾಕಿದೆ. ಗೋಡೆಯ ಅಂಚುಗಳಿಗೆ ಫೋಮ್ ಅಂಗಿ ತೊಡಿಸಿದೆ. ಹಾಲಿನಿಂದ ಬಚ್ಚಲ ತನಕದ ಓಣಿಯಂಥ ಕಿರುದಾರಿಗೆ ಗುಳ್ಳೆ ಪ್ಲಾಸ್ಟಿಕ್ ಹಾಸಿ ಅಂಚಿಗೆಲ್ಲ ಟೇಪು ಜಡಿದೆ. ಜಾರುವ ಚಾಪೆ ತಾನೇ ಬೇಡ ಅಂದದ್ದು? ಇದು ಜಾರುವುದೂ ಇಲ್ಲ, ಬಿದ್ದರೆ ನೋಯುವುದೂ ಇಲ್ಲ! ಬಚ್ಚಲ ಬಾಗಿಲಿನ ಚೌಕಟ್ಟಿಗೆ ಬೆರಳು ಸಿಕ್ಕಿಕೊಳ್ಳದಿರಲೆಂದು ಸುತ್ತಲೂ ಫೋಮ್ ಪಟ್ಟಿ. ಕುರ್ಚಿ ತಗ್ಗಾಯಿತೇ? ಫೋಮಿನ ಮೇಲೆ ಫೋಮ್, ಅದರ ಮೇಲೆ ಮತ್ತೊಂದು, ಪದರ ಪದರವಾಗಿ ಸಿಂಹಾಸನ! ಬಚ್ಚಲಿನ ಹಿಡಿಕೆಗೆ ಗೋಡೆ ಕೊರೆದರೆ ಮನೆ ಮಾಲೀಕರು ನನ್ನನ್ನೇ ಕೊರೆಯುತ್ತಾರೆ. ಆದ್ದರಿಂದ ಹೊಳೆಯುವ ಸ್ಟೀಲ್ ಹಿಡಿಕೆಯೊಂದನ್ನು ಎರಡು ಬದಿ ಅಂಟುವ ಟೇಪಿನಿಂದ ಟೈಲ್ಸಿಗೆ ಅಂಟಿಸಿದೆ.

ಕೊನೆಗೆ, ಕಲಾವಿದ ಚಿತ್ರದ ಕೆಳಗೆ ಸಹಿ ಹಾಕುವ ಹಾಗೆ, ನಮ್ಮ ಆಫೀಸಿನ ಕೆಂಪು ಚೀಟಿಗಳನ್ನು ಅಲ್ಲಲ್ಲಿ ಅಂಟಿಸಿದೆ. 'ಒಡೆಯುವ ವಸ್ತು. ಎಸೆಯಬೇಡಿ.'

ಸಂಜೆ ಹೆಂಡತಿ ಬಂದು ಬಾಗಿಲು ತೆರೆದಳು. ಮತ್ತೆ ಮುಚ್ಚಿದಳು. ಹೊರಗೆ ಹೋಗಿ ಮನೆ ನಂಬರು ನೋಡಿ ಬಂದಳು.

"ರೀ, ನಮ್ಮನೆ ಎಲ್ಲಿ?"

"ಒಳಗಿದೆ! ಹೇಗಿದೆ?"

ಅವಳು ಒಂದು ಹೆಜ್ಜೆಯಿಟ್ಟಳು. ಪಟ್! ಇನ್ನೊಂದು ಇಟ್ಟಳು. ಪಟ್ ಪಟ್! ನಿಂತಲ್ಲೇ ಕಣ್ಣು ಮುಚ್ಚಿಕೊಂಡಳು.

"ನಾಳೆ ಬೆಳಿಗ್ಗೆ ಬರ್ತಾರೆ. ಈಗಲೇ ಕಿತ್ತುಹಾಕಿ ಇದನ್ನೆಲ್ಲ" ಎಂದು ತಾನೇ ಗೋಡೆಯ ಟೇಪಿಗೆ ಕೈ ಹಾಕಿ ಜಗ್ಗಿದಳು. ಟೇಪು ಬಂತು. ಜತೆಗೆ ಊಟದ ತಟ್ಟೆಯಷ್ಟು ಅಗಲದ ಬಣ್ಣವೂ ಬಂತು. ಇಬ್ಬರೂ ಗೋಡೆಯಲ್ಲಿ ಮೂಡಿದ ಹುಣ್ಣಿಮೆಯನ್ನು ನೋಡುತ್ತಾ ನಿಂತೆವು. ಮುಂದಿನ ಪಟ್ಟಿಗೆ ಕೈ ಹಾಕುವ ಧೈರ್ಯ ಇಬ್ಬರಿಗೂ ಬರಲಿಲ್ಲ.

"ನೋಡಿದ್ಯಾ? ಎಷ್ಟು ಗಟ್ಟಿ ನನ್ನ ಕೆಲಸ!" ಅಂದೆ.

ಆ ರಾತ್ರಿ ನಮ್ಮ ಮನೆಯಲ್ಲಿ ಸದ್ದು ಮಾಡಿದ್ದು ಗುಳ್ಳೆಗಳು ಮಾತ್ರ.

ಮರುದಿನ ಬೆಳಿಗ್ಗೆ ಆಸ್ಪತ್ರೆಯ ವ್ಯಾನು ಬಂದು ನಿಂತಿತು. ಥೆರಪಿಸ್ಟ್ ಮೇಡಂ ಇಳಿದರು. ನನಗಿಂತ ಚಿಕ್ಕ ವಯಸ್ಸು, ಕಾಲಿಗೆ ಕ್ಯಾನ್ವಾಸ್ ಶೂ, ಕೊರಳಲ್ಲಿ ಟೈಲರುಗಳ ಹಾಗೆ ಅಳತೆ ಟೇಪು. ನಾನು ಮುಗುಳ್ನಗೆ ಸಿದ್ಧಪಡಿಸಿಕೊಂಡೆ. ಆಗ ವ್ಯಾನಿನಿಂದ ಎರಡನೆಯದಾಗಿ ಒಂದು ವಾಕರ್ ಇಳಿಯಿತು. ಅದರ ಹಿಂದೆಯೇ ಅತ್ತೆ!

"ಇವರು ಯಾಕೆ ಬಂದ್ರು? ಪರೀಕ್ಷೆ ಮನೆಗೆ ಅಲ್ವಾ?" ನಾನು ಹೆಂಡತಿಯ ಕಿವಿಯಲ್ಲಿ ಉಸುರಿದೆ.

ಮೇಡಂಗೆ ಕಿವಿ ಚುರುಕು. "ಇಲ್ಲ ಸರ್, ಪರೀಕ್ಷೆ ಇಬ್ಬರಿಗೂ. ಟೀಚರಮ್ಮ ಈ ಮನೇಲಿ, ಈ ಕುರ್ಚಿಯಿಂದ, ಒಬ್ಬರೇ ಎದ್ದು ನಿಲ್ಲಬೇಕು. ಒಬ್ಬರೇ ಬಚ್ಚಲ ತನಕ ನಡೀಬೇಕು. ನಾನು ಹತ್ತಿರ ಇರ್ತೀನಿ. ಬೇರೆ ಯಾರೂ ಕೈ ಕೊಡೋ ಹಾಗಿಲ್ಲ" ಅಂದರು.

ನಾನು ಆಗಲೇ ಕೈ ಕೊಟ್ಟಾಗಿತ್ತು ಎಂದು ನನಗಿನ್ನೂ ಗೊತ್ತಿರಲಿಲ್ಲ.

ಬಾಗಿಲಲ್ಲಿ ಮೇಡಂ ನಿಂತರು. ಒಳಗೆ ನೋಡಿದರು. ಅಳತೆ ಟೇಪನ್ನು ಒಮ್ಮೆ ಕೈಗೆ ತೆಗೆದುಕೊಂಡು, ಏನನ್ನು ಅಳೆಯಬೇಕೆಂದು ತೋಚದೆ ಮತ್ತೆ ಕೊರಳಿಗೆ ಹಾಕಿಕೊಂಡರು.

"ಮನೆ ಬದಲಾಯಿಸ್ತಾ ಇದ್ದೀರಾ?"

"ಇಲ್ಲ ಮೇಡಂ, ಸುರಕ್ಷತೆ!"

ಅತ್ತೆ ವಾಕರನ್ನು ಒಳಗಿಟ್ಟರು, ಕಾಲಿಟ್ಟರು. ಪಟಾರ್!

"ಅಯ್ಯೋ, ಮುರೀತು!" ಅತ್ತೆ ಸೊಂಟ ಹಿಡಿದುಕೊಂಡರು. ಮೇಡಂ ಹಾರಿಬಂದು ಅವರನ್ನು ಹಿಡಿದರು. ಹೆಂಡತಿ ಚೀರಿದಳು.

"ಮೂಳೆಯಲ್ಲ ಅತ್ತೆ, ಗುಳ್ಳೆ!" ಎಂದು ನಾನು ಪಕ್ಕದಲ್ಲಿ ಕುಪ್ಪಳಿಸಿ, ಪಟಪಟನೆ ಒಡೆದು ತೋರಿಸಿದೆ.

"ಅಳಿಯಂದ್ರೇ," ಅತ್ತೆ ಉಸಿರು ಬಿಟ್ಟರು, "ತಮಗೆ ಬಹಳ ತೊಂದರೆ ಆಯ್ತು ಅನ್ಸುತ್ತೆ." ಅವರಿಗೆ ಸಿಟ್ಟು ಏರಿದಷ್ಟೂ ನನಗೆ ಸಿಗುವ ಮರ್ಯಾದೆ ಏರುತ್ತದೆ. 'ತಾವು' ತನಕ ಬಂದರೆ ನಾನು ಸಾಮಾನ್ಯವಾಗಿ ತರಕಾರಿ ತರಲು ಹೊರಡುತ್ತೇನೆ.

ಸಿಂಹಾಸನದ ಸರದಿ ಬಂತು. ಅತ್ತೆ ಹಿಂದೆ ಸರಿದು ಕುಳಿತರು. ಕುಳಿತರು ಎನ್ನುವುದಕ್ಕಿಂತ ಇಳಿದರು ಎನ್ನಬೇಕು. ಇಳಿದರು, ಇಳಿದರು, ಇಳಿಯುತ್ತಲೇ ಹೋದರು! ಮೀನಿನ ತೊಟ್ಟಿಯನ್ನು ಅಪ್ಪಿಕೊಂಡ ಹಾಗೆಯೇ ಫೋಮು ಅತ್ತೆಯನ್ನೂ ನಾಲ್ಕೂ ಕಡೆಯಿಂದ ಅಪ್ಪಿಕೊಂಡಿತು. ಮೊಣಕಾಲು ಗಲ್ಲಕ್ಕೆ ಬಂತು.

"ಅಯ್ಯಯ್ಯೋ, ಸೊಂಟ ಹೀಗೆ ಮಡಚಬಾರದು!" ಮೇಡಂ ಬಗ್ಗಿ ಅವರನ್ನು ಮುಂದಕ್ಕೆ ಸರಿಸಿ, ಕಾಲು ನೆಟ್ಟಗೆ ಮಾಡಿದರು. "ಈಗ ಏಳಿ ನೋಡೋಣ ಟೀಚರಮ್ಮ."

ಅತ್ತೆ ಕೈಯೂರಿದರು. ಕೈ ಫೋಮಿನಲ್ಲಿ ಹೂತುಹೋಯಿತು. ಮತ್ತೆ ಊರಿದರು. ಮತ್ತೆ ಹೂತಿತು. ಮೂರನೆಯ ಸಲ ಅರ್ಧ ಎದ್ದು, ದೊಪ್ಪನೆ ಕುಳಿತರು. ಮುಖ ಕೆಂಪಾಯಿತು. ಅವರು ಏನೂ ಮಾತಾಡಲಿಲ್ಲ. ನಮ್ಮ ಅತ್ತೆ ಮಾತಾಡದೆ ಇದ್ದದ್ದನ್ನು ನಾನು ನೋಡಿದ್ದೇ ಇಲ್ಲ!

ಮೇಡಂ ನಿಧಾನವಾಗಿ, "ಪರವಾಗಿಲ್ಲ ಬಿಡಿ ಟೀಚರಮ್ಮ. ಸುಧಾರಿಸ್ಕೊಳ್ಳಿ. ಕೇಂದ್ರದಲ್ಲೂ ಒಳ್ಳೇ ಜನ ಇದ್ದಾರೆ. ನಾನು ಬಚ್ಚಲು ಒಂದು ನೋಡಿ ಬರ್ತೀನಿ" ಅಂದರು.

'ಕೇಂದ್ರ' ಎಂಬ ಮಾತು ಕೇಳಿದ್ದೇ ಹೆಂಡತಿಯ ಕಣ್ಣು ತುಂಬಿತು. ಅವಳು ನನ್ನ ಕಡೆ ನೋಡಿದ ನೋಟಕ್ಕೆ ಯಾವ ಫೋಮೂ ತಡೆಯಾಗಲಿಲ್ಲ.

ಮೇಡಂ ಬಚ್ಚಲಿಗೆ ಹೋದರು. ವಾಕರ್ ತಿರುಗಿಸಲು ಜಾಗ ಸಾಕೇ ನೋಡಬೇಕೆಂದು ಬಾಗಿಲು ಮುಚ್ಚಿಕೊಂಡರು. ಮುಚ್ಚಿದ ಬಾಗಿಲು ಫೋಮ್ ಪಟ್ಟಿಗಳ ನಡುವೆ ಬಾಟಲಿಯ ಬಿರಡೆಯಂತೆ ಕೂತುಬಿಟ್ಟಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು.

"ಸರ್, ಬಾಗಿಲು ಬರ್ತಿಲ್ಲ."

"ಗೋಡೆ ಮೇಲಿನ ಹಿಡಿಕೆ ಹಿಡ್ಕೊಂಡು ಎಳೀರಿ ಮೇಡಂ, ಬಲ ಸಿಗುತ್ತೆ!"

ಒಳಗೆ 'ಕಿರ್ರ್' ಎಂದಿತು.

"ಸರ್, ಹಿಡಿಕೆ ನನ್ನ ಕೈಯಲ್ಲಿದೆ."

"ಗಟ್ಟಿಯಾಗಿ ಹಿಡ್ಕೊಳ್ಳಿ!"

"ಹಿಡಿಕೆ ಮಾತ್ರ ಇದೆ ಸರ್. ಗೋಡೆ ಇಲ್ಲ!"

ಅತ್ತೆಯ ಭವಿಷ್ಯ ಬರೆಯಬೇಕಾದ ಕೈಯೇ ನನ್ನ ಬಚ್ಚಲಲ್ಲಿ ಬಂದಿ! ಮೇಡಂ ಫೋನು ಹಾಲಿನಲ್ಲಿ, ಚೀಲದೊಳಗೆ. ವ್ಯಾನಿನ ಡ್ರೈವರು ಟೀ ಕುಡಿಯಲು ಹೋಗಿದ್ದರು. ಸರಿ, ನಾನೇ ನುಗ್ಗಿದೆ. ಬಾಗಿಲ ಹಿಡಿ ಹಿಡಿದು ನನ್ನ ಕಡೆಗೆ ಎಳೆದೆ. ಅಲ್ಲಾಡಲಿಲ್ಲ. ಹೆಂಡತಿ ಬಂದು ನನ್ನ ಸೊಂಟ ಹಿಡಿದು ಎಳೆದಳು. ಆಚೆಯಿಂದ ಮೇಡಂ ಎಳೆಯುತ್ತಿದ್ದರು. ಮೂವರೂ ಹೋ ಎಂದು ಎಳೆದೆವು!

"ಅಳಿಯಂದ್ರೇ, ಒಂದು ಮಾತು" ಎಂದರು ಅತ್ತೆ, ಹಾಲಿನಿಂದ.

"ಅತ್ತೆ, ನೀವು ಅಲುಗಾಡಬೇಡಿ!"

"ಅಲ್ಲ, ಆ ಬಾಗಿಲು..."

"ಅಮ್ಮಾ, ಸುಮ್ನೆ ಕೂತ್ಕೋ!" ಹೆಂಡತಿ ಕೂಗಿದಳು.

"ಕೇಳಿಸ್ಕೊಳ್ರೋ!"

"ಎಲ್ಲಾ ನಾನು ನೋಡ್ಕೋತೀನಿ ಅತ್ತೆ! ಎಳಿಯೇ, ಎಳಿ!"

ಹಾಲಿನಲ್ಲಿ ಏನೋ ಪರಪರನೆ ಹರಿದ ಸದ್ದಾಯಿತು. ನಮಗೆಲ್ಲಿ ಪುರುಸೊತ್ತು? ನನ್ನ ಕೈ ಬೆವರಿ ಜಾರುತ್ತಿತ್ತು. ಹೆಂಡತಿ ಎಳೆಯುತ್ತಿದ್ದಳೋ ಗುದ್ದುತ್ತಿದ್ದಳೋ ಬೆನ್ನಿಗೆ ತಿಳಿಯುತ್ತಿರಲಿಲ್ಲ. ಅಷ್ಟರಲ್ಲಿ ಓಣಿಯಲ್ಲಿ, ಪಟ್. ಸ್ವಲ್ಪ ಬಿಟ್ಟು, ಪಟ್ ಪಟ್.

"ಶ್!" ಒಳಗಿನಿಂದ ಮೇಡಂ. "ಯಾರದು ನಡೀತಿರೋದು?"

"ಯಾರೂ ಇಲ್ಲ ಮೇಡಂ. ಎಳೀರಿ ನೀವು!"

"ಸುಮ್ನಿರಿ ಸರ್! ವಾಕರ್ ಮುಂದೆ ಬಂತು... ಈಗ ಆಪರೇಷನ್ ಆದ ಕಾಲು... ಈಗ ಇನ್ನೊಂದು. ವಾಕರ್... ಕಾಲು... ಕಾಲು. ಸರಿಯಾಗಿದೆ! ಟೀಚರಮ್ಮ, ನೀವೇನಾ?"

ನಾವು ತಿರುಗಿ ನೋಡಿದೆವು. ಓಣಿಯ ಆ ತುದಿಯಲ್ಲಿ ಅತ್ತೆ! ವಾಕರ್ ಹಿಡಿದು, ತಲೆಯೆತ್ತಿ, ಧ್ವಜವಂದನೆಗೆ ಹೊರಟವರ ಹಾಗೆ. ಅವರ ಹಿಂದೆ ಹಾಲಿನ ತುಂಬ ನನ್ನ ಸಿಂಹಾಸನದ ಪದರಗಳು ಹರಿದು ಚೆಲ್ಲಾಡಿ ಬಿದ್ದಿದ್ದವು. ಕೂತ ಕಡೆಯಿಂದಲೇ ಒಂದೊಂದಾಗಿ ಕಿತ್ತೆಸೆದು, ತಮ್ಮ ಹಳೆಯ ಗಟ್ಟಿ ಕುರ್ಚಿಯನ್ನು ಹೊರತೆಗೆದು, ಅದರ ಕೈ ಊರಿ ಎದ್ದಿದ್ದರು.

"ಅಮ್ಮಾ!" ಹೆಂಡತಿ ನನ್ನ ಸೊಂಟ ಬಿಟ್ಟು ಓಡಲು ಹೊರಟಳು.

"ಯಾರೂ ಮುಟ್ಟಬೇಡಿ!" ಬಚ್ಚಲು ಗುಡುಗಿತು. "ಪರೀಕ್ಷೆ ನಡೀತಿದೆ! ಸರ್, ಅವರ ಮೇಲೆ ನಿಗಾ ಇಟ್ಟು ಪಕ್ಕದಲ್ಲಿ ನಿಲ್ಲಿ. ಮುಟ್ಟಬೇಡಿ!"

ನಾನು ಗೋಲ್ ಕೀಪರ್‌ನಂತೆ ಕೈಯಗಲಿಸಿ ನಿಂತೆ. ಪಟ್. ಪಟ್ ಪಟ್. ಓಣಿಯ ನಡುವೆ ಒಂದು ಕಡೆ ಟೇಪು ಬಿಟ್ಟು ಪ್ಲಾಸ್ಟಿಕ್ಕಿನ ಅಂಚು ಹಾವಿನ ಹೆಡೆಯ ಹಾಗೆ ಎದ್ದಿತ್ತು. ವಾಕರಿನ ಕಾಲು ಅದಕ್ಕೆ ತಾಗಿತು. ಅತ್ತೆ ನಿಂತರು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಳು. ನನಗೆ ಆ ಅಂಚು ಬಿಟ್ಟು ಲೋಕದಲ್ಲಿ ಇನ್ನೇನೂ ಕಾಣಲಿಲ್ಲ. ಅದನ್ನು ಅಂಟಿಸಿದ ಕೈ ನನ್ನದೇ!

"ಯಾಕೆ ಸದ್ದಿಲ್ಲ? ಏನಾಯ್ತು?" ಮೇಡಂ ಒಳಗಿನಿಂದ ಚಡಪಡಿಸಿದರು.

"ಅಡ್ಡ ಒಂದು ಬಂದಿದೆ," ಅತ್ತೆ ಹೇಳಿದರು. "ಅಳಿಯಂದಿರ ಕೊಡುಗೆ."

ವಾಕರನ್ನು ಪೂರ್ತಿ ಎತ್ತಿದರು. ಅಂಚಿನ ಆಚೆಗೆ ಇಟ್ಟರು. ಅದು ಅಲ್ಲಾಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ಒಂದು ಕಾಲು. ಪಟ್. ಇನ್ನೊಂದು ಕಾಲು. ಪಟ್!

ಬಚ್ಚಲಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಸ್ಟೀಲ್ ಹಿಡಿಕೆ ಕೆಳಗೆ ಬಿದ್ದು ಠಣ್ಣೆಂದಿತು.

ಬಾಗಿಲ ಬಳಿ ಬಂದು ನಿಂತ ಅತ್ತೆ ಒಂದು ಉಸಿರು ಎಳೆದುಕೊಂಡರು.

"ಅಳಿಯಂದ್ರೇ, ಈ ಬಾಗಿಲು ಯಾವ ಕಡೆ ತೆರೆಯುತ್ತೆ?"

"ಒಳಗಡೆಗೆ ಅತ್ತೆ."

"ಮೇಡಂ ಒಳಗಿಂದ ಏನ್ ಮಾಡ್ತಿದ್ದಾರೆ?"

"ಎಳೀತಿದ್ದಾರೆ."

"ತಾವು?"

ನಾನು ಬಾಗಿಲನ್ನೊಮ್ಮೆ ನೋಡಿದೆ. ನನ್ನ ಕೈಯನ್ನೊಮ್ಮೆ ನೋಡಿಕೊಂಡೆ.

"ಇದೇನು ಸ್ಪೋರ್ಟ್ಸ್ ಡೇನಾ, ಹಗ್ಗ ಜಗ್ಗಾಟ ಆಡೋಕೆ? ಅವರು ಗೆಲ್ಲಬಾರದು ಅಂತ ಗಂಡ ಹೆಂಡತಿ ಇಬ್ಬರೂ ಸೇರಿ ಜಗ್ತಿದ್ದೀರಲ್ಲ! ಮೇಡಂ, ನಾನು ಮೂರು ಅಂದಾಗ ನೀವು ಎಳೆದು ಪಕ್ಕಕ್ಕೆ ಸರೀರಿ. ಅಳಿಯಂದ್ರು ದೂಡ್ತಾರೆ. ಒಂದು... ಎರಡು..."

ಅವರು 'ಮೂರು' ಅಂದದ್ದಕ್ಕೆ ಬೀದಿಯಲ್ಲಿ ಹೋಗುತ್ತಿದ್ದವರೂ ಏನನ್ನೋ ದೂಡಿರಬೇಕು. ನಾನು ಭುಜ ಕೊಟ್ಟು ನುಗ್ಗಿದೆ. ಬಿರಡೆ ಕಿತ್ತಿತು! ಬಾಗಿಲು ಒಳಗೆ, ಬಾಗಿಲ ಜತೆ ನಾನೂ ಒಳಗೆ. ಮೇಡಂ ಪಕ್ಕಕ್ಕೆ ಹಾರಿ ತಪ್ಪಿಸಿಕೊಂಡರು. ನಾನು ಜಾರಿ, ಗಿರಕಿ ಹೊಡೆದು, ನೀರು ತುಂಬಿದ ಬಕೆಟ್ಟಿನಲ್ಲಿ ಕೂತೆ. ಇಡೀ ಮನೆಯಲ್ಲಿ ನಾನು ಫೋಮು ಸುತ್ತದೆ ಬಿಟ್ಟಿದ್ದ ವಸ್ತುವೆಂದರೆ ಆ ಬಕೆಟ್ ಒಂದೇ!

ಹೆಂಡತಿ ಅಮ್ಮನನ್ನು ತಬ್ಬಿಕೊಂಡು ಅಳುತ್ತಾ ನಗುತ್ತಿದ್ದಳು. ನನ್ನನ್ನು ಎತ್ತಲು ಯಾರೂ ಬರಲಿಲ್ಲ. ಮೇಡಂ ಬೆನ್ನಿಗೆ 'ಒಡೆಯುವ ವಸ್ತು. ಎಸೆಯಬೇಡಿ' ಎಂಬ ಚೀಟಿ ಅಂಟಿಕೊಂಡಿತ್ತು. ಅದನ್ನು ಹೇಳಲು ಅದು ಸರಿಯಾದ ಸಮಯವೆಂದು ನನಗನ್ನಿಸಲಿಲ್ಲ.

ಅತ್ತೆ ಬಂದಂತೆಯೇ ವಾಪಸ್ ನಡೆದು, ತಮ್ಮ ಗಟ್ಟಿ ಕುರ್ಚಿಯಲ್ಲಿ ಕುಳಿತರು, ಎದ್ದರು, ಕುಳಿತರು, ಮತ್ತೆ ಎದ್ದು ಕುಳಿತರು. ಮೇಡಂ ಹೇಳಿದ್ದು ಒಂದು ಸಲ ಏಳಲು. ಇವರು ತೋರಿಸಿದ್ದು ಎರಡು ಸಲ.

"ಕುರ್ಚಿ ಮೊದಲಿಂದಲೂ ಸರಿಯಾದ ಎತ್ತರಾನೇ ಇತ್ತು," ಎಂದರು ಮೇಡಂ ಅಳೆದು ನೋಡಿ. "ಈ ಪ್ಲಾಸ್ಟಿಕ್ಕು, ಫೋಮು, ಎಲ್ಲಾ ಇವತ್ತೇ ಹೋಗಬೇಕು. ಬಣ್ಣ ಬಂದ್ರೆ ಬರಲಿ. ಹಿಡಿಕೆ ಮಾಲೀಕರ ಹತ್ರ ಮಾತಾಡಿ, ಕೆಲಸ ಗೊತ್ತಿರೋರಿಂದ ಸ್ಕ್ರೂ ಹಾಕ್ಸಿ. ಅಷ್ಟಾದ್ರೆ ಟೀಚರಮ್ಮ ನಾಳೆ ಮನೆಗೆ ಬರಬಹುದು."

ಹೆಂಡತಿ ಅವರ ಎರಡೂ ಕೈ ಹಿಡಿದುಕೊಂಡಳು. ನಾನು ಒದ್ದೆ ಪ್ಯಾಂಟಿನಲ್ಲಿ, ನೀರು ತೊಟ್ಟಿಕ್ಕಿಸುತ್ತಾ, ವಿಜಯದಲ್ಲಿ ನನ್ನದೂ ಪಾಲಿದೆ ಎಂಬಂತೆ ಬಾಗಿಲಲ್ಲಿ ನಿಂತು ಹಲ್ಲು ಕಿರಿದೆ. ಮೇಡಂ ನನ್ನನ್ನು ಒಮ್ಮೆ, ಮನೆಯನ್ನು ಒಮ್ಮೆ ನೋಡಿ ಗಂಟಲು ಸರಿಮಾಡಿಕೊಂಡರು.

"ಕೊನೇದಾಗಿ ಒಂದು ಪ್ರಶ್ನೆ ಟೀಚರಮ್ಮ. ಎಲ್ಲರನ್ನೂ ಕೇಳಲೇಬೇಕು, ಬೇಜಾರು ಮಾಡ್ಕೋಬೇಡಿ. ಹಗಲು ಮಗಳು ಕೆಲಸಕ್ಕೆ ಹೋಗ್ತಾರೆ. ಮನೇಲಿ ಇರೋದು ನಿಮ್ಮ ಅಳಿಯ ಒಬ್ಬರೇ. ಇವರು ನಿಮ್ಮನ್ನ ನೋಡ್ಕೋತಾರೆ ಅಂತ ನಿಮಗೆ ಧೈರ್ಯ ಇದೆಯಾ? ಮುಜುಗರ ಆದ್ರೆ ಇವರನ್ನ ಹೊರಗೆ ಕಳಿಸಿ ಕೇಳ್ತೀನಿ."

"ಹೊರಗ್ಯಾಕೆ, ಅವರೂ ಕೇಳಲಿ" ಎಂದರು ಅತ್ತೆ. "ಅವರು ನನ್ನನ್ನ ನೋಡ್ಕೊಳ್ಳೋದಾ? ಅವರನ್ನ ನೋಡ್ಕೊಳ್ಳೋರು ಯಾರೂ ಇಲ್ಲ ಅಂತ ತಾನೇ ನಾನು ಮನೆಗೆ ಬರ್ತೀನಿ ಬರ್ತೀನಿ ಅಂತ ಹಟ ಹಿಡಿದಿರೋದು? ಬೇಗ ಸಹಿ ಹಾಕಿ ಮೇಡಂ. ಇನ್ನೊಂದು ವಾರ ಬಿಟ್ರೆ ನನ್ನ ಮಗಳಿಗೂ ಟೇಪು ಸುತ್ತಿ ಎಲ್ಲಿಗಾದ್ರೂ ಕಳಿಸಿಬಿಡ್ತಾರೆ!"